ಬೆನ್ನ ಹಿಂದೆ ಕೇಳಿದ ಕರೆ

ದೆವ್ವ ಭೂತದ ಮಾತು ಶುರುವಾದರೆ ಎದ್ದು ಕಾಫಿ ಮಾಡಲು ಹೋಗುವ ಪೈಕಿ ನಾನು. ಇಂಥ ಕಥೆಗಳೆಲ್ಲ ನಡೆಯುವುದು ಅಮಾವಾಸ್ಯೆ ರಾತ್ರಿಯಲ್ಲೇ, ಅದೂ ಹೇಳುವವರ ಷಡ್ಡಕನ ಸ್ನೇಹಿತನಿಗೇ ಅನ್ನುವುದನ್ನು ಚಿಕ್ಕಂದಿನಲ್ಲೇ ಗಮನಿಸಿದ್ದೆ. ಯಾರಿಗಾದರೂ ಸತ್ತವರ ದನಿ ಕೇಳಿಸಿತು ಅಂದರೆ ಪಾಪ, ನಿದ್ದೆ ಸಾಲದು ಅಂದುಕೊಳ್ಳುತ್ತಿದ್ದೆ. ನನಗಾದ ಅನುಭವ ರಾತ್ರಿಯದಲ್ಲ. ಬೆಳಕು ಹರಿದ ಮೇಲೆ, ಚೀಲದಲ್ಲಿ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು, ಪೂರ್ತಿ ಎಚ್ಚರವಾಗಿದ್ದಾಗ ಆದದ್ದು. ನಂಬಿ ಅಂತ ನಿಮ್ಮನ್ನು ಒತ್ತಾಯ ಮಾಡುವುದಿಲ್ಲ, ಏಕೆಂದರೆ ನಾನೇ ಇನ್ನೂ ಒಂದು ಕಾಲು ಹೊರಗಿಟ್ಟುಕೊಂಡೇ ನಿಂತಿದ್ದೇನೆ.

ನಾವಿರುವುದು ಅಮೆರಿಕದ ಸರಟೋಗಾದಲ್ಲಿ. ನಾನು ಮೈಸೂರಿನವಳು, ಮೊಟ್ಟೆ ಅನ್ನುವ ಪದವನ್ನೂ ಮೆಲ್ಲಗೆ ಹೇಳುವ ಮನೆಯಿಂದ ಬಂದವಳು. ನನ್ನ ಗಂಡ ಬಾದಾಮಿ ಕಡೆಯವರು. ಅವರ ಅಜ್ಜ ಕೌಜುಗ ಹಕ್ಕಿಯ ಬೇಟೆಗೆ ಹೆಸರಾದವರು. ನಮ್ಮ ಮದುವೆಗೆ ಎರಡೂ ಮನೆಯವರು ಸಮಸಮವಾಗಿ ಬೇಜಾರು ಮಾಡಿಕೊಂಡರು, ಹಾಗಾಗಿ ಆಮೇಲೆ ಯಾರೂ ಯಾರ ಮೇಲೂ ಗೂಬೆ ಕೂರಿಸುವ ಪ್ರಸಂಗ ಬರಲಿಲ್ಲ. ಮನೆಯಲ್ಲಿ ಎರಡು ಒಲೆಯ ಹಾಗೆ ಎರಡು ಜೊತೆ ಪಾತ್ರೆ ಇಟ್ಟುಕೊಂಡು ಸುಖವಾಗಿದ್ದೆವು.

ಅಮೆರಿಕಕ್ಕೆ ಬಂದ ಮೇಲೆ ಅವರಿಗೆ ಹತ್ತಿದ ಹುಚ್ಚು ಟರ್ಕಿ ಕೋಳಿಯದು. ಸಾಕಿದ್ದಲ್ಲ, ಕಾಡಿನದು. ವಸಂತದಲ್ಲಿ ಹುಂಜಗಳು ಹೇಂಟೆಯನ್ನು ಹುಡುಕುತ್ತಾ ಗುಡ್ಡವೆಲ್ಲ ಕೇಳುವಂತೆ ಕೂಗುತ್ತವೆ. ಹೇಂಟೆಯ ದನಿ ಮಾಡಿ ಅದನ್ನು ಹತ್ತಿರ ಕರೆಸಿಕೊಳ್ಳುವುದೇ ಆ ಬೇಟೆ. ಇಲ್ಲಿ ಇರುವವರಿಗೆ ಗೊತ್ತು, ಈ ಕೋಳಿಗಳು ನಮ್ಮ ಬೀದಿಯಲ್ಲೇ ಮೆರವಣಿಗೆ ಹೋಗುತ್ತವೆ, ಕಾರಿನ ಮೇಲೆ ಹತ್ತಿ ಕನ್ನಡಿ ಕುಕ್ಕುತ್ತವೆ. ಹೀಗಿರುವಾಗ ಪಕ್ಕದ ರಾಜ್ಯವಾದ ಒರೆಗಾನ್‌ವರೆಗೂ ಯಾಕೆ ಹೋಗಬೇಕು ಅಂತ ಕೇಳಿದ್ದೆ.

"ಇವು ನಮ್ಮ ಓಣ್ಯಾಗಿನವು," ಅಂದಿದ್ದರು ಅವರು. "ದಿನಾ ಮಾರಿ ನೋಡಾಕಿ ನೀನು. ಪರಿಚಯದವರನ್ನ ಹೊಡದು ತಿನ್ನಾಕ ಆಗತೈತೇನ?"

ಮಗಳು ಅನಘಾ ಆಗ ಶಾಲೆಯಲ್ಲಿದ್ದಳು. ಅವಳನ್ನು ಗೆಳತಿಯ ಮನೆಯಲ್ಲಿ ಬಿಡಬಹುದಾದದ್ದು ಶುಕ್ರವಾರ, ಶನಿವಾರ ಎರಡೇ ರಾತ್ರಿ. ಆ ಸಣ್ಣ ಜಾಗದಲ್ಲಿ ಒಂದು ಬೇಟೆಯನ್ನು ಕೂರಿಸುವುದು ನನ್ನ ಕೆಲಸವಾಯಿತು. ಆಫೀಸಿನಲ್ಲೂ ನನ್ನದು ಅದೇ ಕಸುಬು, ಬೇರೆಯವರ ಕೆಲಸಕ್ಕೆ ದಿನ ಹೊಂದಿಸುವುದು. ಡಿಸೆಂಬರಿನ ಚಳಿಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದೆವು. ಯಾವ ರಾಜ್ಯದಲ್ಲಿ ಲಾಟರಿ ಎತ್ತದೆ ನೇರವಾಗಿ ಬೇಟೆಯ ಪರವಾನಿಗೆ ಸಿಗುತ್ತದೆ, ಯಾವ ಗುಡ್ಡ ಸರ್ಕಾರದ್ದು, ಎಲ್ಲಿ ಬೇಲಿ ದಾಟಿದರೆ ಇನ್ನೊಬ್ಬರ ಜಮೀನು, ಮಳೆಯಾದರೆ ಯಾವ ದಾರಿ ಕೆಸರಾಗುತ್ತದೆ, ಎಲ್ಲ ನಕ್ಷೆಯಲ್ಲಿ ನೋಡಿಕೊಳ್ಳುತ್ತಿದ್ದೆವು. ಅವರು ನಕ್ಷೆಯನ್ನು ದೊಡ್ಡದು ಮಾಡಿ ಓಕ್ ಮರಗಳನ್ನು ಬೆರಳಿನಿಂದ ಸವರುತ್ತಾ, "ಇಲ್ಲಿ ರಾತ್ರಿ ಮಲಗತಾವ ನೋಡು, ಮುಂಜಾನೆ ಈ ದಿನ್ನಿಗೆ ಇಳೀತಾವ," ಅನ್ನುವರು. ನಾನು ಮೋಟೆಲು, ಕಾರಿನ ಪೆಟ್ರೋಲು, ಮೊಸರನ್ನ ಇಡುವ ಐಸ್ ಡಬ್ಬ ನೋಡಿಕೊಳ್ಳುತ್ತಿದ್ದೆ. ಹೋಗುವುದಕ್ಕಿಂತ ಆ ಸಂಜೆಗಳೇ ಚೆನ್ನಾಗಿದ್ದವು ಅಂತ ಈಗ ಅನ್ನಿಸುತ್ತದೆ.

ನಾನು ಜೊತೆಗೆ ಹೋಗಲೇಬೇಕಾಗಿದ್ದಕ್ಕೆ ಬೇರೆ ಕಾರಣವೇ ಇತ್ತು. ಅವರ ಅಜ್ಜ ಸಾಕಿದ ಕೌಜುಗವನ್ನು ಪಂಜರದಲ್ಲಿಟ್ಟುಕೊಂಡು ಹೋಗಿ ಪೊದೆಯ ಪಕ್ಕ ಇಡುತ್ತಿದ್ದರಂತೆ. ಅದು ಕೂಗಿದರೆ ಕಾಡಿನ ಕೌಜುಗ ಜಗಳಕ್ಕೆ ಬಂದು ಬಲೆಗೆ ಬೀಳುತ್ತದೆ. ಆದರೆ ಕೂಗುವ ಹಕ್ಕಿಯ ಯಜಮಾನ ಬಲೆಗೆ ಬಿದ್ದದ್ದನ್ನು ಕೈಯಿಂದ ಮುಟ್ಟುವಂತಿಲ್ಲ. ಅದು ಜೊತೆಗೆ ಬಂದವನ ಕೆಲಸ. ಕರೆದವನು ಕೊಲ್ಲಬಾರದು, ಕೊಲ್ಲುವವನು ಕರೆಯಬಾರದು ಅನ್ನುವುದು ಆ ಮನೆಯ ಕಟ್ಟಳೆ. ಇಲ್ಲಿನ ಬೇಟೆಗಾರರು ತಾವೇ ಕರೆದು ತಾವೇ ಹೊಡೆಯುತ್ತಾರೆ. ನೀವೂ ಹಾಗೇ ಮಾಡಿ, ನನ್ನನ್ನು ಬಿಡಿ ಅಂದೆ.

"ಊಟಕ್ಕ ಕರದು ಇಕ್ಕೂ ಮುಂದ ವಿಷಾ ಹಾಕಿದಂಗ ಆಗತೈತಿ ಅದು," ಅಂದರು. "ನೀ ಕರಿ. ಪಾಪ ಇಬ್ಬರೊಳಗ ಹಂಚಿ ಹೋಕ್ಕೈತಿ, ಯಾರ ಪಾಲಿಗೂ ಪೂರಾ ಬರೂದಿಲ್ಲ."

ಹೀಗೆ ಸೊಪ್ಪಿನ ಹುಳಿ ತಿನ್ನುವ ನಾನು ಕಾಯಿದೆಗೆ ತಪ್ಪಬಾರದೆಂದು ಬೇಟೆಯ ಪರವಾನಿಗೆ ತೆಗೆದುಕೊಂಡು ಹೇಂಟೆಯ ದನಿ ಕಲಿತೆ. ಒಂದು ಉದ್ದನೆಯ ಮರದ ಪೆಟ್ಟಿಗೆ, ಅದಕ್ಕೆ ಸಡಿಲವಾದ ಮರದ ಮುಚ್ಚಳ. ಸೀಮೆಸುಣ್ಣ ಹಚ್ಚಿದ ಮುಚ್ಚಳವನ್ನು ಅಂಚಿಗೆ ತೀಡಿದರೆ ಕ್ಯಾವ್ ಕ್ಯಾವ್ ಅನ್ನುತ್ತದೆ. ನನ್ನದು ಮೂರನೆಯ ತೀಡು ಯಾವಾಗಲೂ ಎಳೆಯುತ್ತಿತ್ತು, ಮೂಗಿನಲ್ಲಿ ಗೊಣಗಿದ ಹಾಗೆ. ಅದರ ಜೊತೆಗೆ ಬಳೆ. ನಾನು ದೇವರು ದಿಂಡರು ಅಂತ ಹೆಚ್ಚು ಹಚ್ಚಿಕೊಂಡವಳಲ್ಲ, ಆದರೆ ಮದುವೆಯಾದವಳು ಬರಿಗೈಯಲ್ಲಿ ಇರಬಾರದು ಅಂತ ಅಮ್ಮ ತೊಡಿಸಿದ ಹಸಿರು ಗಾಜಿನ ಬಳೆಯ ಅಭ್ಯಾಸ ಮಾತ್ರ ಹೋಗಿರಲಿಲ್ಲ. ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಹಾಕದಿದ್ದರೂ ಸದ್ದಿನಿಂದಲೇ ನಾನು ಬಂದೆ ಅಂತ ಗೊತ್ತಾಗುತ್ತಿತ್ತು. ಕಾಡಿನಲ್ಲಿ ಪೆಟ್ಟಿಗೆ ತೀಡಿದ ಕೂಡಲೇ ಕೊನೆಗೊಂದು ಕಿಣಿ ಅನ್ನುತ್ತಿತ್ತು.

ಮೊದಲ ಸಲ ಅವರು ತಲೆ ಚಚ್ಚಿಕೊಂಡರು. ಟರ್ಕಿ ಬೇಟೆಗೆ ಹೋಗುವವರು ಸೊಳ್ಳೆ ಕಚ್ಚಿದರೂ ಅಲ್ಲಾಡುವುದಿಲ್ಲ, ಇವಳು ಗಾಜಿನ ಬಳೆ ತೊಟ್ಟು ಬಂದಿದ್ದಾಳೆ. ತೆಗೆ ಅಂದರು, ತೆಗೆಯಲ್ಲ ಅಂದೆ. ಕೊನೆಗೆ ಅವರ ಕರವಸ್ತ್ರವನ್ನು ಬಳೆಗೆ ಸುತ್ತಿ ಗಂಟು ಹಾಕಿದರು. ಗಂಟು ಬಿಚ್ಚಿಕೊಂಡಿತು, ಬಳೆ ಕಿಣಿ ಅಂದಿತು, ಅಷ್ಟರಲ್ಲಿ ಗುಡ್ಡದ ಆಚೆಯಿಂದ ಹುಂಜ ಉತ್ತರ ಕೊಟ್ಟುಕೊಂಡು ನೇರವಾಗಿ ಬಂತು. ಅಂದಿನಿಂದ ಬಳೆ ಕಟ್ಟಲು ಅವರೇ ಬಿಡಲಿಲ್ಲ.

ನಮ್ಮ ಜಾಗ ಒರೆಗಾನಿನ ದಕ್ಷಿಣದ ಒಂದು ಗುಡ್ಡದಲ್ಲಿತ್ತು. ಅವರು ಮುಂದೆ, ಒಂದು ದಪ್ಪ ಪೈನ್ ಮರಕ್ಕೆ ಒರಗಿ. ನಾನು ಅವರ ಹಿಂದೆ, ಸ್ವಲ್ಪ ಓರೆಗೆ, ಮೇಲೆ, ಬುಡದಲ್ಲೇ ಕವಲೊಡೆದ ಓಕ್ ಮರಕ್ಕೆ ಒರಗಿ. ಹುಂಜ ನನ್ನ ದನಿಯನ್ನು ಹುಡುಕಿ ಬರುವಾಗ ಅವರ ಮುಂದೆ ಹಾಯಬೇಕು, ಅದಕ್ಕೆ ಆ ಏರ್ಪಾಡು. ಅಲ್ಲಿ ನಾನು ಗಂಟೆಗಟ್ಟಲೆ ನೋಡಿದ್ದು ಅವರ ಟೊಪ್ಪಿಗೆ, ಕಿವಿ, ಭುಜದ ಅಂಚು ಮಾತ್ರ. ಮುಂದೆ ಕೂತವನಿಗೆ ಒಂದೇ ಕಟ್ಟುಪಾಡು, ಹಿಂದಿನಿಂದ ಕರೆ ಬರುತ್ತಿರುವಾಗ ಏನೇ ಆದರೂ ಹೊಳ್ಳಿ ನೋಡಬಾರದು. ಹೊಳ್ಳುವುದು ಅಂದರೆ ಅವರ ಕಡೆಯ ಮಾತಿನಲ್ಲಿ ಹಿಂತಿರುಗುವುದು. ಕತ್ತು ತಿರುಗಿತೋ, ಹುಂಜಕ್ಕೆ ಕಂಡಿತು, ಮುಗಿಯಿತು. ಅವರು ಒಂದು ಸಲವೂ ಹೊಳ್ಳಿದವರಲ್ಲ. ಒಮ್ಮೆ ವಾಪಸು ಬರುವಾಗ ಶಾಸ್ತಾ ಬೆಟ್ಟದ ಬಳಿ ಕಾಫಿಗೆ ನಿಲ್ಲಿಸಿದ್ದೆವು. ಏನೋ ಜ್ಞಾಪಿಸಿಕೊಂಡ ಹಾಗೆ ಹೇಳಿದರು.

"ನೀ ಹಿಂದಿಂದ ಕರದಾಗ ಬೆನ್ನು ಬೆಚ್ಚಗ ಆಗತೈತಿ ನೋಡು."

"ಜಾಕೆಟ್ ದಪ್ಪ ಇದೆ ರೀ, ಅದಕ್ಕೆ," ಅಂದೆ ನಾನು. ಅವರು ನಕ್ಕು ಕಾಫಿ ಮುಗಿಸಿದರು. ಆ ಮಾತನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ.

ಕೆಲವು ವರ್ಷಗಳ ಹಿಂದೆ, ಚಳಿಗಾಲದಲ್ಲಿ, ಒಂದು ಬೆಳಿಗ್ಗೆ ಶೂ ಕಟ್ಟಿಕೊಳ್ಳಲು ಬಗ್ಗಿದವರು ಹಾಗೇ ಗೋಡೆಗೆ ಒರಗಿದರು. ಆಂಬುಲೆನ್ಸ್ ಬೇಗ ಬಂತು, ಎಲ್ಲರೂ ಮಾಡುವುದನ್ನೆಲ್ಲ ಮಾಡಿದರು. ಹೃದಯ ನಿಂತಿತ್ತು. ಆಸ್ಪತ್ರೆಯಲ್ಲಿ ಅವರ ಕೈ ಹಿಡಿದು ಕೂತಿದ್ದಾಗ ನನ್ನ ಬಳೆ ಸದ್ದು ಮಾಡುತ್ತಲೇ ಇತ್ತು. ತೆಗೆ ಅಂತ ಯಾರೂ ಹೇಳಲಿಲ್ಲ, ಅಲ್ಲಿ ಹೇಳುವವರೂ ಇರಲಿಲ್ಲ. ಆ ಸದ್ದು ಕೇಳಲಾಗದೆ ನಾನೇ ತೆಗೆದು ಪರ್ಸಿಗೆ ಹಾಕಿದೆ. ಮನೆಗೆ ಬಂದು ನೋಡಿದರೆ ಎಲ್ಲ ಒಡೆದಿದ್ದವು.

ಬಂದೂಕನ್ನು ಅವರ ಸ್ನೇಹಿತರೊಬ್ಬರು ಕಾಯಿದೆ ಪ್ರಕಾರ ತಮ್ಮ ಹೆಸರಿಗೆ ಮಾಡಿಸಿಕೊಂಡು ಹೋದರು. ಕೋಳಿ ಕರೆಯುವ ಪೆಟ್ಟಿಗೆ ನಡುಮನೆಯ ಕಪಾಟಿನ ಮೇಲೆ ಹಾಗೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ. ಏಪ್ರಿಲಿನಲ್ಲಿ ಒಂದು ದಿನ ಆಫೀಸಿನ ಮೀಟಿಂಗಿನ ಮಧ್ಯೆ ಫೋನು ನೆನಪಿಸಿತು, ಶುಕ್ರವಾರ ಒರೆಗಾನ್ ಅಂತ. ಡಿಸೆಂಬರಿನಲ್ಲಿ ಇಬ್ಬರೂ ಕೂತು ಹಾಕಿದ ಯೋಜನೆ. ಅದನ್ನು ಅಳಿಸಲು ಬೆರಳು ಹೋಗಲಿಲ್ಲ. ಅಲ್ಲಿಗೆ ಹೋದರೆ ಅವರದು ಏನಾದರೂ ಸಿಗುತ್ತದೆ ಅನ್ನುವ ಆಸೆ ಹುಟ್ಟಿಕೊಂಡಿತು. ಏನು ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ದನಿಯೋ, ನೆರಳೋ, ಕನಸೋ, ಏನಾದರೂ ಸರಿ. ಅವರು ಹೋದ ಮೇಲೆ ಒಂದು ದಿನವೂ ನನ್ನ ಕನಸಿಗೆ ಬಂದಿರಲಿಲ್ಲ, ಅದೇ ನನ್ನನ್ನು ತಿನ್ನುತ್ತಿತ್ತು.

ಕಾಲೇಜಿಗೆ ಸೇರಿದ್ದ ಅನಘಾಗೆ ಫೋನು ಮಾಡಿ ಹೇಳಿದೆ.

"ಅಮ್ಮಾ, ಅಲೋನಾ? ಆರ್ ಯೂ ಶೂರ್?" ಅಂದಳು.

"ಮೋಟೆಲ್ ಬುಕ್ ಆಗಿದೆ ಪುಟ್ಟ. ಹೋಗಿ ಸ್ವಲ್ಪ ಹೊತ್ತು ಕೂತಿದ್ದು ಬರ್ತೀನಿ."

"ಟೆಕ್ಸ್ಟ್ ಮಿ ಫ್ರಮ್ ಎವ್ರಿವೇರ್," ಅಂದಳು. ಹೂಂ ಅಂದೆ.

ಶುಕ್ರವಾರ ಮಧ್ಯಾಹ್ನ ಹೊರಟು ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಅವರು ಇದ್ದಾಗ ನಿಲ್ಲುತ್ತಿದ್ದ ಕಡೆಯೆಲ್ಲ ನಿಂತೆ. ಎರಡು ಕಾಫಿ ಅಂತ ಹೇಳಿ, ಆಮೇಲೆ ಒಂದೇ ಅಂದೆ. ಮಾರನೆಯ ದಿನ ಬೆಳಗಿನ ಜಾವ ಎದ್ದು, ಕಾರು ನಿಲ್ಲಿಸುವ ಜಾಗ ತಲುಪಿದಾಗ ಅಲ್ಲಿ ಬೇರೆ ಗಾಡಿಯೇ ಇರಲಿಲ್ಲ. ಮಂಜು ಬಿದ್ದ ಹುಲ್ಲಿನಲ್ಲಿ ಟಾರ್ಚ್ ಹಿಡಿದು ಹತ್ತಿದೆ. ಕಾಲು ತಾನಾಗಿ ನನ್ನ ಓಕ್ ಮರದ ಹತ್ತಿರ ಹೋಯಿತು. ಅಲ್ಲಿ ಕೂತು ಮುಂದೆ ನೋಡಿದರೆ ಪೈನ್ ಮರದ ಬುಡ ಖಾಲಿ. ಅಲ್ಲಿ ಟೊಪ್ಪಿಗೆ ಇಲ್ಲ, ಕಿವಿ ಇಲ್ಲ. ಅದನ್ನು ನೋಡುತ್ತಾ ಕೂರಲು ನನ್ನಿಂದಾಗಲಿಲ್ಲ. ಎದ್ದು ಕೆಳಗಿಳಿದು ಅವರ ಜಾಗದಲ್ಲೇ ಕೂತೆ. ಅವರು ಕೂತೂ ಕೂತೂ ಅಲ್ಲಿ ನೆಲ ಸ್ವಲ್ಪ ತಗ್ಗಾಗಿತ್ತು. ಆ ತಗ್ಗಿನಲ್ಲಿ ಕೂತು ಚೆನ್ನಾಗಿ ಅತ್ತೆ.

ನಿಧಾನವಾಗಿ ಬೆಳಕಾಯಿತು. ಎದುರಿನ ದಿನ್ನೆಯ ಮೇಲಿಂದ ಸೂರ್ಯ ನೇರವಾಗಿ ಮುಖಕ್ಕೆ ಬಂದ. ಮರದ ಮೇಲಿದ್ದ ಹುಂಜವೊಂದು ಕೂಗಿತು, ಆಮೇಲೆ ರೆಕ್ಕೆ ಬಡಿದು ನೆಲಕ್ಕಿಳಿದದ್ದು ಕೇಳಿಸಿತು. ಕರೆಯಲು ನನ್ನ ಹತ್ತಿರ ಏನೂ ಇರಲಿಲ್ಲ, ಪೆಟ್ಟಿಗೆ ಸರಟೋಗಾದಲ್ಲಿತ್ತು. ಹುಂಜ ಆಗಾಗ ಕೂಗುತ್ತಾ ದೂರ ಹೋಗತೊಡಗಿತು. ಪ್ರತಿ ಸಲವೂ ದನಿ ಸಣ್ಣದಾಗುತ್ತಿತ್ತು. ಹೋಗಲಿ ಪಾಪ, ಇವತ್ತು ಅದಕ್ಕೂ ಯಾರೂ ಇಲ್ಲ ಅಂದುಕೊಂಡೆ.

ಆಗ ನನ್ನ ಹಿಂದೆ, ಸ್ವಲ್ಪ ಮೇಲಿನಿಂದ, ಹೇಂಟೆಯ ಕರೆ ಕೇಳಿಸಿತು.

ಮೊದಲ ಎರಡು ದನಿಗೆ ನಾನು ಹೇಂಟೆಯೇ ಬಂದಿದೆ ಅಂದುಕೊಂಡೆ. ಮೂರನೆಯದು ಎಳೆಯಿತು, ಮೂಗಿನಲ್ಲಿ ಗೊಣಗಿದ ಹಾಗೆ. ಅದರ ಬೆನ್ನಿಗೇ ಕಿಣಿ ಅಂತ ಗಾಜಿನ ಸದ್ದು.

ನನ್ನ ಕೈಗಳು ನನ್ನ ಮಡಿಲಲ್ಲಿದ್ದವು. ಎರಡೂ ಬರಿಗೈ. ನೋಡಿಕೊಂಡೆ.

ದೂರದಲ್ಲಿ ಹುಂಜ ನಿಂತಿತು. ನಿಂತದ್ದು ಹೇಗೆ ಗೊತ್ತಾಯಿತು ಅಂದರೆ, ಮುಂದಿನ ಕೂಗು ಸಣ್ಣದಾಗಲಿಲ್ಲ. ಮತ್ತೆ ಹಿಂದಿನಿಂದ ಕರೆ ಬಂತು, ಅದೇ ಎಳೆತ, ಅದೇ ಕಿಣಿ. ಹುಂಜ ಆ ಕರೆ ಮುಗಿಯುವುದಕ್ಕೂ ಬಿಡದೆ ಉತ್ತರ ಕೊಟ್ಟಿತು. ಈ ಸಲ ಅದು ಹತ್ತಿರವಾಗಿತ್ತು. ನಾನು ಹೊಳ್ಳಿ ನೋಡಲಿಲ್ಲ. ಹೆದರಿಕೆಯೇ ಅಂತ ಕೇಳಿದರೆ ಅಲ್ಲ. ಹೊಳ್ಳಿದರೆ ಅದು ನಿಂತುಹೋದೀತು ಅನ್ನುವ ಭಯ ಮಾತ್ರ ಇತ್ತು. ಸೂರ್ಯ ನನ್ನ ಎದುರಿಗಿದ್ದ, ಬೆನ್ನ ಹಿಂದೆ ಮರದ ನೆರಳಿತ್ತು, ಜಾಕೆಟ್ಟು ಮಂಜಿಗೆ ತೊಯ್ದು ತಣ್ಣಗಿತ್ತು. ಆದರೂ ಬೆನ್ನು ಬೆಚ್ಚಗಾಯಿತು. ಬಚ್ಚಲ ಒಲೆಗೆ ಬೆನ್ನು ಮಾಡಿ ಕೂತ ಹಾಗೆ, ಭುಜದಿಂದ ಸೊಂಟದವರೆಗೆ.

ಹುಂಜ ದಿನ್ನೆ ಹತ್ತಿ ಬಂತು. ಬಾಲ ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಯ ತುದಿಯನ್ನು ನೆಲಕ್ಕೆ ಎಳೆಯುತ್ತಾ ನನ್ನ ಎದುರು ಹಾದಿತು. ಅದರ ಕಣ್ಣು ನನ್ನ ಮೇಲಿರಲಿಲ್ಲ. ನನ್ನ ಭುಜದ ಮೇಲಿಂದ, ಹಿಂದಿನ ಓಕ್ ಮರದ ಬುಡವನ್ನೇ ನೋಡುತ್ತಿತ್ತು. ಕತ್ತು ಉದ್ದ ಮಾಡಿತು, ಕಾದಿತು, ಅಲ್ಲೇ ಒಂದು ಸುತ್ತು ಮೆರೆದು ಮತ್ತೆ ಕಾದಿತು. ಕರೆ ಮತ್ತೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಲ ಮಡಿಚಿಕೊಂಡು ಬಂದ ದಾರಿಯಲ್ಲೇ ಇಳಿದು ಹೋಯಿತು. ಬೆನ್ನಿನ ಬಿಸಿಯೂ ಯಾವಾಗಲೋ ಹೋಗಿತ್ತು.

ಆಮೇಲೆ ತಿರುಗಿದೆ. ಓಕ್ ಮರ, ಅದರ ಬುಡದ ಒಣಗಿದ ಎಲೆ, ಅಷ್ಟೆ. ಹಲೋ ಅಂತ ಕೂಗಿದೆ. ಯಾರೂ ಓ ಅನ್ನಲಿಲ್ಲ. ಮಂಜಿನ ಹುಲ್ಲಿನಲ್ಲಿ ನಾನು ಹತ್ತಿ ಬಂದ ಗುರುತು, ಓಕ್ ಮರದಿಂದ ಇಳಿದ ಗುರುತು ಬಿಟ್ಟರೆ ಬೇರೆ ಹೆಜ್ಜೆ ಇರಲಿಲ್ಲ. ಕೆಳಗೆ ಹೋದರೆ ನನ್ನ ಕಾರೊಂದೇ ನಿಂತಿತ್ತು. ಕಾರಿನಲ್ಲಿ ಕೂತು ಚಿತ್ರಾನ್ನದ ಡಬ್ಬಿ ತೆರೆದು ಪೂರ್ತಿ ತಿಂದೆ. ಅಂಥ ಹಸಿವು ತಿಂಗಳುಗಳಿಂದ ಆಗಿರಲಿಲ್ಲ.

ಸಿಗ್ನಲ್ ಸಿಕ್ಕ ಕೂಡಲೇ ಅನಘಾಗೆ ಹೇಳಿದೆ. ಅವಳು ಅಪ್ಪನ ಹಾಗೆ, ಪೂರ್ತಿ ಕೇಳಿ ಮುಗಿಸುವವರೆಗೂ ಮಧ್ಯೆ ಬಾಯಿ ಹಾಕುವುದಿಲ್ಲ.

"ಅಮ್ಮಾ, ಗ್ರೀಫ್ ಡಸ್ ದಟ್," ಅಂದಳು ಮೆತ್ತಗೆ. "ಯೂ ವಾಂಟೆಡ್ ಟು ಹಿಯರ್ ಸಮ್‌ಥಿಂಗ್."

"ಅಪ್ಪನ ದನಿ ಕೇಳ್ಬೇಕು ಅಂತ ಹೋದೆ ಕಣೇ. ನನ್ನ ಬಳೆ ಸದ್ದು ಯಾರಿಗೆ ಬೇಕಾಗಿತ್ತು?"

ಅವಳು ಮತ್ತೆ ಕೇಳಿದಳು. "ಅಂಡ್ ದ ಟರ್ಕಿ ಹರ್ಡ್ ಇಟ್ ಟೂ?"

"ಅದು ವಾಪಸ್ ಬಂತು."

"ಡ್ರೈವ್ ಸೇಫ್ ಅಮ್ಮಾ," ಅಂದು ಅವಳು ಫೋನಿಟ್ಟಳು.

ಮನೆಗೆ ಬಂದವಳೇ ಕಪಾಟು ನೋಡಿದೆ. ಪೆಟ್ಟಿಗೆ ಇಟ್ಟಲ್ಲೇ ಇತ್ತು, ಮೇಲೆ ಧೂಳು ಕೂತಿತ್ತು. ನನಗೆ ತೋಚಿದ ವಿವರಣೆಗಳನ್ನೆಲ್ಲ ಕೊಟ್ಟುಕೊಂಡಿದ್ದೇನೆ. ಒಡಕು ದನಿಯ ಹೇಂಟೆಗಳು ಇರುತ್ತವೆ, ನಿಜ. ಯಾವುದೋ ನಾಯಿಯ ಕೊರಳ ಸರಪಳಿ ಕಿಣಿ ಅಂದಿರಬಹುದು. ನಿದ್ದೆ ಸಾಲದು ಅಂತ ನಾನು ಬೇರೆಯವರಿಗೆ ಹೇಳುತ್ತಿದ್ದದ್ದನ್ನು ನನಗೂ ಹೇಳಿಕೊಂಡೆ. ನನ್ನ ಕಿವಿ ನನಗೆ ಸುಳ್ಳು ಹೇಳಬಹುದು, ಅದಕ್ಕೆ ಕಾರಣವೂ ಇದೆ. ಆದರೆ ಆ ಹುಂಜಕ್ಕೆ ನನ್ನ ಹಂಗೇನು? ದೂರ ಹೋಗುತ್ತಿದ್ದದ್ದು ಯಾಕೆ ತಿರುಗಿ ಬಂತು, ನನ್ನ ಹಿಂದೆ ಏನನ್ನು ನೋಡುತ್ತಾ ನಿಂತಿತ್ತು ಅನ್ನುವಲ್ಲಿಗೆ ಬಂದು ನಾನು ನಿಂತುಬಿಡುತ್ತೇನೆ. ಇವತ್ತಿಗೂ ಅಲ್ಲಿಂದ ಮುಂದೆ ಹೋಗಲಾಗಿಲ್ಲ.

ಆಮೇಲಿನ ವಸಂತಗಳಲ್ಲೂ ಅಲ್ಲಿಗೆ ಹೋಗಿದ್ದೇನೆ. ಪ್ರತಿ ಸಲವೂ ಅವರ ತಗ್ಗಿನಲ್ಲೇ ಕೂತು ಕಾದಿದ್ದೇನೆ. ಹುಂಜಗಳು ಕೂಗಿಕೊಂಡು ಅವುಗಳ ಪಾಡಿಗೆ ಹೋಗುತ್ತವೆ. ಹಿಂದಿನಿಂದ ಏನೂ ಬರುವುದಿಲ್ಲ. ಆಸೆ ಮಾತ್ರ ಕಡಿಮೆಯಾಗಿಲ್ಲ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಆ ಬೆಳಿಗ್ಗೆ ಅವರು ನನಗೆ ಸಿಗಲಿಲ್ಲ. ಅವರು ಅಷ್ಟು ವರ್ಷ ಮುಂದೆ ಕೂತು ಕೇಳುತ್ತಿದ್ದದ್ದು ನನಗೆ ಒಂದು ಸಲ ಸಿಕ್ಕಿತು. ಬೆನ್ನು ಬೆಚ್ಚಗಾಗುತ್ತದೆ ಅಂದಾಗ ನಾನು ಜಾಕೆಟ್ಟಿನ ಮಾತಾಡಿದ್ದೆ.

ಹೋದ ವಾರ ಪಕ್ಕದ ಊರಾದ ಸನಿವೇಲ್‌ನ ಅಂಗಡಿಯಲ್ಲಿ ಹಸಿರು ಗಾಜಿನ ಬಳೆ ತೆಗೆದುಕೊಂಡೆ. ಕೈ ಸೊರಗಿದೆ, ಮೊದಲಿಗಿಂತ ಒಂದು ಅಳತೆ ಸಣ್ಣದು ಬೇಕಾಯಿತು. "ಮಗಳಿಗಾ ಆಂಟಿ?" ಅಂತ ಅಂಗಡಿಯ ಹುಡುಗಿ ಕೇಳಿದಳು. "ಇಲ್ಲಮ್ಮ, ನನಗೇ," ಅಂದೆ. ಪೆಟ್ಟಿಗೆಯ ಧೂಳು ಒರೆಸಿ, ಮುಚ್ಚಳಕ್ಕೆ ಸೀಮೆಸುಣ್ಣ ಹಚ್ಚಿ ತೀಡಿದೆ. ಮೂರನೆಯದು ಇನ್ನೂ ಎಳೆಯುತ್ತದೆ. ಮೋಟೆಲು ಬುಕ್ ಆಗಿದೆ, ನಕ್ಷೆ ನೋಡಿಕೊಂಡಿದ್ದೇನೆ, ಆ ವಾರ ಮಳೆ ಇಲ್ಲವಂತೆ.

ಈ ಸಲ ಅವರ ಜಾಗದಲ್ಲಿ ಕೂರುವುದಿಲ್ಲ. ಮೇಲೆ ಓಕ್ ಮರದ ಬುಡದಲ್ಲಿ, ನನ್ನ ಜಾಗದಲ್ಲೇ ಕೂತು, ಮುಂದಿನ ಪೈನ್ ಮರದ ಬುಡವನ್ನು ಖಾಲಿ ಬಿಟ್ಟು ಕರೆಯುತ್ತೇನೆ. ಅವರು ಕಾಣುತ್ತಾರೆ ಅಂತ ನಾನು ಅಂದುಕೊಂಡಿಲ್ಲ. ಅಲ್ಲಿ ಯಾರಾದರೂ ಕೂತಿದ್ದರೂ, ಕರೆಯುತ್ತಿರುವಾಗ ಅವರು ಹೊಳ್ಳಿ ನೋಡುವವರಲ್ಲ. ಅವರ ಬೆನ್ನು ಬೆಚ್ಚಗಾದರೆ ಸಾಕು.